ಖಾಕಿ ಅಂಗಿಯ ಹೆಗಲನ್ನು ಯಾಕೆ ಬಿಟ್ಟಿರಿ?

(ಮಂಡ್ಯದ ಹೊಸ ಬರಹಗಾರ್ತಿಯೊಬ್ಬರು ‘ನೆನಪಿನ ಹೊದಿಕೆ’ ಎಂಬ ಪ್ರಬಂಧ ಕಳಿಸಿದ್ದರು. ಬಸ್ ಕಂಡಕ್ಟರ್ ಆಗಿದ್ದ ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಬಟ್ಟೆಗಳಿಂದ ಕೌದಿ ಹೊಲಿದ ಕಥೆ ಅದು. ಅವರಿಗೆ ಬರೆದ ಉತ್ತರವನ್ನು, ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇಲ್ಲಿ ಹಾಕಿದ್ದೇವೆ.)

ನಮಸ್ಕಾರ.

ಸುತ್ತಿ ಬಳಸಿ ಹೇಳುವುದಿಲ್ಲ. ಪ್ರಬಂಧ ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ‘ವಿಷಾದವಿದೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲೂ ಮನಸ್ಸು ಬರಲಿಲ್ಲ. ಅದಕ್ಕೆ ಕಾರಣ ನಾಲ್ಕನೇ ಪುಟದಲ್ಲಿ ನೀವು ಹೋಗ್ತಾ ಹೋಗ್ತಾ ಬರೆದಿರುವ ಈ ಮಾತು: “ಖಾಕಿ ಅಂಗಿಯ ಎಡ ಹೆಗಲಲ್ಲಿ ಚೀಲದ ಪಟ್ಟಿ ಉಜ್ಜಿ ಉಜ್ಜಿ ಬಟ್ಟೆ ಎಳೆ ಬಿಟ್ಟಿತ್ತು. ಹೊಲಿಗೆ ನಿಲ್ಲಲ್ಲ ಅಂತ ಅಷ್ಟು ಕತ್ತರಿಸಿ ಪಕ್ಕಕ್ಕಿಟ್ಟೆ.”

ಪಕ್ಕಕ್ಕಿಟ್ಟಿದ್ದೇ ನಿಮ್ಮ ಪ್ರಬಂಧ. ಮಂಡ್ಯ–ಮೈಸೂರು ರಸ್ತೆಯಲ್ಲಿ ಆ ಮನುಷ್ಯ ವರ್ಷಗಟ್ಟಲೆ ಓಡಾಡಿದ್ದಕ್ಕೆ ಉಳಿದಿರುವ ಗುರುತು ಆ ಹೆಗಲು. ಚರ್ಮದ ಚೀಲ, ಅದರ ತುಂಬ ಚಿಲ್ಲರೆ, ನಿಂತುಕೊಂಡೇ ಟಿಕೆಟ್ ಹರಿಯುವ ಕೆಲಸ, ಎಲ್ಲವೂ ಆ ಒಂದು ಗೇಣು ಬಟ್ಟೆಯಲ್ಲಿದೆ. ಅದನ್ನು ಎರಡು ಸಾಲಿನಲ್ಲಿ ಮುಗಿಸಿ, ‘ನೆನಪು ಎಂದರೇನು’ ಅನ್ನುವುದಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ. ಆ ಒಂದೂವರೆ ಪುಟವನ್ನು ಪೂರ್ತಿ ತೆಗೆಯಿರಿ. ದೊಡ್ಡಪ್ಪನ ಹೆಸರು ತೆಗೆದು ಬೇರೆ ಯಾರ ಹೆಸರು ಹಾಕಿದರೂ ಆ ಮಾತುಗಳು ನಡೆಯುತ್ತವೆ, ಅಲ್ವಾ?

ಹೊಲಿಗೆ ಲೆಕ್ಕದಲ್ಲೂ ಆ ತುಂಡನ್ನು ಬಿಡಬೇಕಾಗಿರಲಿಲ್ಲ. ಸವೆದ ಬಟ್ಟೆಯ ಹಿಂದೆ ತೊಳೆದು ಮೆತ್ತಗಾದ ಹತ್ತಿ ಬಟ್ಟೆ ಕೊಡಬೇಕು. ಹಳೇ ಪಂಚೆ ಆದರೂ ಆಯಿತು. ಸುತ್ತ ಒಂದೆರಡು ಬೆರಳು ಜಾಸ್ತಿ ಬಿಟ್ಟುಕೊಂಡು, ಸವೆದ ಜಾಗದ ಮೇಲೆ ಕೈಹೊಲಿಗೆಯನ್ನು ಹತ್ತಿರ ಹತ್ತಿರ ಓಡಿಸಿದರೆ ಹೊಲಿಗೆಯ ಸಾಲುಗಳೇ ಬಟ್ಟೆಯನ್ನು ಹಿಡಿದುಕೊಳ್ಳುತ್ತವೆ. ಆಗಲೂ ಭಯ ಇದ್ದರೆ ಮೇಲೊಂದು ತೆಳು ನೆಟ್ ಬಟ್ಟೆ ಹಾಕಬಹುದು. ಒಳಗಿನ ಎಳೆ ಕಾಣುತ್ತದೆ, ಕೈಗೆ ಸಿಕ್ಕಿ ಕಿತ್ತು ಬರುವುದಿಲ್ಲ. ಆ ತುಂಡು ಇನ್ನೂ ನಿಮ್ಮ ಹತ್ತಿರ ಇದ್ದರೆ ಕೌದಿ ಬಿಚ್ಚದೆಯೇ ಮೇಲಿಂದ ಸೇರಿಸಲು ಬರುತ್ತದೆ.

ಈಗ ಎರಡು ಕಡೆ ನನಗೆ ನಗು ಬಂತು. ಸಾವಿನ ಬರಹದಲ್ಲಿ ನಗು ಬರಬಾರದು ಅಂತೇನಿಲ್ಲ. ಆದರೆ ನೀವು ನಗಿಸಲು ಬರೆದಿರಲಿಲ್ಲವಲ್ಲ!

ಒಂದು, ವಾಸನೆ. ಎರಡನೇ ಪುಟದಲ್ಲಿ ಎಲ್ಲ ಬಟ್ಟೆಯನ್ನೂ ಸೋಪಿನ ಪುಡಿಯಲ್ಲಿ ನೆನೆಸಿ, ಒಗೆದು, ಬಿಸಿಲಿಗೆ ಹಾಕಿದ್ದೀರಿ. ಆರನೇ ಪುಟದಲ್ಲಿ ಕೌದಿಗೆ ಮುಖ ಒತ್ತಿದಾಗ ದೊಡ್ಡಪ್ಪನ ಬೆವರಿನ ವಾಸನೆ ಬಂತು ಅಂದಿದ್ದೀರಿ. ಎರಡರಲ್ಲಿ ಒಂದು ನಿಜ. ಒಗೆದದ್ದು ಸರಿಯಾದ ಕೆಲಸವೇ. ಬೆವರು, ಎಣ್ಣೆ ಜಿಡ್ಡು ಇರುವ ಬಟ್ಟೆಯನ್ನು ಹಾಗೇ ಎತ್ತಿಟ್ಟರೆ ಹುಳ ಬೀಳುತ್ತದೆ. ಆದರೆ ಒಗೆಯುವ ಮುಂಚೆ ಬಕೆಟ್ ಮುಂದೆ ನೀವು ನಿಂತಿರಬೇಕು. ನೀರಿಗೆ ಹಾಕಿದರೆ ವಾಸನೆ ಹೋಗುತ್ತದೆ ಅಂತ ಗೊತ್ತಿದ್ದೇ ಹಾಕಿರಬೇಕು. ಅದನ್ನು ಬರೆಯಿರಿ. ಆರನೇ ಪುಟದ ವಾಸನೆ ಬೇಡ. ಅದು ಬೇರೆಯವರ ಬರಹಗಳಲ್ಲಿ ಓದಿದ್ದು ನಿಮ್ಮ ಕೈಯಿಂದ ಬಂದಿದೆ.

ಇನ್ನೊಂದು, “ಹೊಲಿದು ಮುಗಿಸಿ ನೀರಿಗೆ ಹಾಕಿದಾಗ ಕೌದಿಯೂ ಅತ್ತು ಮುದುಡಿತು” ಅನ್ನುವ ಸಾಲು. ಕೌದಿ ಅಳಲಿಲ್ಲ. ಪೇಟೆ ಬೀದಿಯಿಂದ ತಂದ ಹೊಸ ಕಾಟನ್ ಲೈನಿಂಗನ್ನು ನೀವು ನೆನೆಸದೆ ಹೊಲಿದಿರಿ. ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ದೊಡ್ಡಪ್ಪನ ಟೆರಿಕಾಟ್ ಅಂಗಿ, ಅಂದರೆ ಪಾಲಿಯೆಸ್ಟರ್ ಬೆರೆತದ್ದು, ಕುಗ್ಗುವುದಿಲ್ಲ. ಒಂದು ಎಳೆಯಿತು, ಒಂದು ಬಗ್ಗಲಿಲ್ಲ, ನಡುವೆ ಸುಕ್ಕು ಬಿತ್ತು. ಲುಂಗಿಯ ಬಣ್ಣ ಪಕ್ಕದ ಬಿಳಿ ಪಂಚೆಗೆ ಹತ್ತಿದ್ದೂ ಹೀಗೇ. ಒದ್ದೆ ಬಿಳಿ ಬಟ್ಟೆಯಿಂದ ಮೊದಲೇ ಉಜ್ಜಿ ನೋಡಿದ್ದರೆ ಬಣ್ಣ ಬಿಡುತ್ತದೆ ಅಂತ ಗೊತ್ತಾಗುತ್ತಿತ್ತು. ಈ ಎಡವಟ್ಟನ್ನು ಎಡವಟ್ಟು ಅಂತಲೇ ಬರೆದರೆ ಓದುಗರು ನಿಮ್ಮ ಪಕ್ಕ ಬಂದು ಕೂರುತ್ತಾರೆ. ಅವರ ಕಣ್ಣಲ್ಲಿ ನೀರು ತರಿಸಲು ಹೋದರೆ ಎದ್ದು ಹೋಗುತ್ತಾರೆ.

ದೊಡ್ಡಮ್ಮನ ವಿಷಯಕ್ಕೆ ಬರುತ್ತೇನೆ. ಪ್ರಬಂಧದಲ್ಲಿ ಜಗಳ ಅಂತ ಇರುವುದು ಇದೊಂದೇ. ಇದನ್ನೂ ಮೂರು ಸಾಲಿಗೆ ಮುಗಿಸಿದ್ದೀರಿ. ಬಟ್ಟೆಯನ್ನೆಲ್ಲ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಡದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬರಬೇಕು ಅಂತ ಅವರು ಹಟ ಹಿಡಿದರು, ನೀವು ಬೇಡ ಅಂದಿರಿ, “ಕೊನೆಗೆ ಒಪ್ಪಿದರು.” ಹೇಗೆ ಒಪ್ಪಿದರು? ತಿಥಿ ಮನೆ, ನೆಂಟರು ತುಂಬಿದ್ದಾರೆ. ಅಂಥ ಕಡೆ ಹೆಣ್ಣುಮಗಳೊಬ್ಬಳು ಸತ್ತವರ ಬಟ್ಟೆಯ ಗಂಟು ಹಿಡಿದುಕೊಂಡು ಕೊಡಲ್ಲ ಅಂದರೆ ಸುಮ್ನೆ ಬಿಡುವವರು ಯಾರು? ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಏನು ಹೋಯಿತು, ಮನೆಗೆ ಏನು ವಾಪಸ್ ಬಂತು? ಎಲ್ಲ ಬಂತೋ ಅಥವಾ ಒಂದು ಜೊತೆ ಬಿಟ್ಟು ರಾಜಿ ಆದಿರೋ? ನನಗೆ ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನಿಸಿತು.

ಮತ್ತೆ ದೊಡ್ಡಮ್ಮನ ಬಾಯಲ್ಲಿ “ಮೃತರ ವಸ್ತ್ರಗಳನ್ನು ಗೃಹದಲ್ಲಿ ಇರಿಸಿಕೊಳ್ಳುವುದು ಅಶುಭ” ಅಂತ ಹೇಳಿಸಿದ್ದೀರಿ. ಮಂಡ್ಯದ ಹಳ್ಳಿಯ ಯಾವ ದೊಡ್ಡಮ್ಮನೂ ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. “ಸತ್ತೋರ ಬಟ್ಟೆ ಮನೇಲಿ ಮಡೀಕೋಬಾರ್ದು ಕಣವ್ವ” ಅಂದಿರಬೇಕು. ಅವರು ಅಂದದ್ದು ನಿಮಗೆ ನೆನಪಿದ್ದೇ ಇರುತ್ತದೆ, ಹಾಗೇ ಹಾಕಿ. ಅವರನ್ನು ಮೂಢನಂಬಿಕೆಯ ಹೆಂಗಸು ಅಂತ ತೋರಿಸಬೇಡಿ. ಗಂಡನ ಬಟ್ಟೆ ದಿನಾ ಕಣ್ಣಿಗೆ ಬೀಳಬಾರದು ಅನ್ನುವುದಕ್ಕೆ ಅವರದೇ ಕಾರಣ ಇರಬಹುದು. ಅವರು ಹೆಂಡತಿ, ನೀವು ತಮ್ಮನ ಮಗಳು. ಆ ಬಟ್ಟೆಯ ಮೇಲೆ ಯಾರ ಹಕ್ಕು ಜಾಸ್ತಿ ಅನ್ನುವ ಪ್ರಶ್ನೆ ಪ್ರಬಂಧದಲ್ಲಿ ಎಲ್ಲೂ ಏಳಲೇ ಇಲ್ಲ.

ಮಾಹಿತಿ ಬಗ್ಗೆ ಸ್ವಲ್ಪ. “ಕೌದಿ ನಮ್ಮ ಮಂಡ್ಯದ ಸಾವಿರಾರು ವರ್ಷಗಳ ಕಲೆ” ಅನ್ನುವುದನ್ನು ತೆಗೆಯಿರಿ. ಹಳೇ ಬಟ್ಟೆ ಸೇರಿಸಿ ಹೊಲಿದು ಹೊದೆಯುವುದು ಎಲ್ಲ ಕಡೆಯೂ ಇದೆ. ಆದರೆ ಕೌದಿ ಅಂದ ತಕ್ಷಣ ನೆನಪಾಗುವುದು ಉತ್ತರ ಕರ್ನಾಟಕದ ಮನೆಗಳು, ಮತ್ತೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು. ಅವರು ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ನೀವು ಫೋನಿನಲ್ಲಿ ವಿಡಿಯೊ ನೋಡಿ ಕಲಿತೆ ಅಂತ ಒಂದು ಕಡೆ ಬರೆದಿದ್ದೀರಿ. ಅದೇ ಚೆನ್ನಾಗಿದೆ, ಅದನ್ನೇ ಇಟ್ಟುಕೊಳ್ಳಿ. ಊರಿಗೆ ಇಲ್ಲದ ಪರಂಪರೆ ಯಾಕೆ ಕಟ್ಟಬೇಕು?

ಅಮೆರಿಕದಲ್ಲಿ ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಹೊಲಿದ ಕೌದಿಯ ಪ್ಯಾರಾ ಯಾರ ಕಡೆಯವರೂ ಅಲ್ಲದ ನೆಂಟರು ಮದುವೆ ಊಟಕ್ಕೆ ಕೂತ ಹಾಗಿದೆ. ವಿಷಯ ಸರಿಯಾಗಿಯೇ ಇದೆ. 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಆದರೆ ಆ ಲೆಕ್ಕಕ್ಕಿಂತ ನಿಮಗೆ ಬೇಕಾದ ವಿಷಯ ಬೇರೆ ಇದೆ. ಒಂದೊಂದು ತುಂಡೂ 3 ಅಡಿ ಅಗಲ, 6 ಅಡಿ ಉದ್ದ. ಹೆಚ್ಚುಕಮ್ಮಿ ಹೆಣ ಹೂಳುವ ಒಂದು ಗುಂಡಿಯ ಅಳತೆ. ನೀವು ಕೌದಿಗೆ ದೊಡ್ಡಪ್ಪನ ಮಂಚದ ಅಳತೆ ತೆಗೆದುಕೊಂಡಿದ್ದೀರಿ. ಅಲ್ಲಿ ಮಣ್ಣಿನ ಅಳತೆ, ಇಲ್ಲಿ ಮಂಚದ ಅಳತೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು, ಉಳಿದದ್ದು ಬೇಡ. ಅದೂ ಭಾರ ಅನ್ನಿಸಿದರೆ ಇಡೀ ಪ್ಯಾರಾ ಬಿಟ್ಟುಬಿಡಿ.

ಪಟಾಪಟಿ ಚಡ್ಡಿಯನ್ನು “ಅದೊಂದು ಬಿಟ್ಟು” ಅಂತ ಪಕ್ಕಕ್ಕೆ ಸರಿಸಿದ್ದೀರಿ. ಕೌದಿಗೆ ಸೇರಿಸದಿದ್ದರೆ ಬೇಡ, ಬರಹಕ್ಕಾದರೂ ಬರಲಿ. ಬೇಸಿಗೆಯ ಸಂಜೆ ಅದನ್ನೇ ಹಾಕಿಕೊಂಡು ಜಗಲಿ ಮೇಲೆ ಕೂರುತ್ತಿದ್ದ ಗಂಡಸರು ನಮ್ಮ ಕಡೆ ಎಷ್ಟು ಜನ!

ಕೊನೆಯ ಸಾಲು, “ಬಟ್ಟೆ ಹರಿಯಬಹುದು, ನೆನಪು ಹರಿಯದು”. ಬೇಡ. ಐದನೇ ಪುಟದ ನಡುವೆ ಒಂದು ಮಾತಿದೆ: ಕೌದಿ ಈಗ ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ನುಸಿಗುಳಿಗೆ ಜೊತೆ ಇದೆ, ಯಾರೂ ಹೊದೆಯುವುದಿಲ್ಲ. ಅಷ್ಟು ಕಷ್ಟಪಟ್ಟು, ದೊಡ್ಡಮ್ಮನ ಹತ್ತಿರ ಜಗಳ ಆಡಿ ಹೊಲಿದದ್ದನ್ನು ಯಾಕೆ ಯಾರೂ ಹೊದೆಯುತ್ತಿಲ್ಲ? ಮುಗಿತಾಯವನ್ನು ಅಲ್ಲಿ ಹುಡುಕಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತಲೇ ಇರಲಿ. (ಆ ಪ್ಲಾಸ್ಟಿಕ್ ಕವರನ್ನು ಮಾತ್ರ ಇವತ್ತೇ ತೆಗೆಯಿರಿ. ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಹಳೇ ಹತ್ತಿ ಸೀರೆಯಲ್ಲಿ ಸುತ್ತಿಡಿ. ಆಗಾಗ ಬಿಚ್ಚಿ ಮಡಿಕೆ ಬದಲಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಅವರ ಮದುವೆಯ ರೇಷ್ಮೆ ಪಂಚೆಯ ತುಂಡು ಮೊದಲು ಆ ಗೆರೆಯಲ್ಲೇ ಸೀಳುತ್ತದೆ.)

ಈಗ ಇರುವುದರ ಅರ್ಧಕ್ಕೆ ಇಳಿಸಿ ಮತ್ತೆ ಕಳಿಸಿ. ಅವಸರ ಇಲ್ಲ. ಒಂದು ಸಲ ದೊಡ್ಡಮ್ಮನಿಗೆ ಓದಿ ಹೇಳಿ, ಅವರು ಎಲ್ಲಿ “ಹಂಗಲ್ಲ ಕಣೆ” ಅಂತ ತಡೆಯುತ್ತಾರೋ ಅಲ್ಲಿ ಗುರುತು ಹಾಕಿಕೊಂಡು ತಿದ್ದಿ. ಫೋಟೊ ಕಳಿಸುವಾಗ ಹೂವು, ದೀಪ ಇಟ್ಟು ತೆಗೆಯಬೇಡಿ. ಹಗಲು ಬೆಳಕಿನಲ್ಲಿ ಕೌದಿಯ ಮುಂಬದಿಯದು ಒಂದು, ಹಿಂಬದಿಯದು ಒಂದು ಸಾಕು. ಸುಕ್ಕು ಬಿದ್ದ ಜಾಗವೂ ಕಾಣಲಿ.