ಜಿಬೂಟಿ ಚಾರಣ: ಇಲ್ಲಿ ಇಳಿಯುವ ದಾರಿಯೇ ಕಷ್ಟದ್ದು

ದೀಪಾವಳಿ ಹತ್ತಿರ ಬಂತೆಂದರೆ ಜಿಬೂಟಿಯ ಬಗ್ಗೆ ಪ್ರಶ್ನೆಗಳು ಶುರುವಾಗುತ್ತವೆ. ಆಫ್ರಿಕಾದ ಕೊಂಬಿನಲ್ಲಿರುವ ಈ ಪುಟ್ಟ ದೇಶಕ್ಕೆ ನಾನು ಮೂರು ಸಲ ಚಾರಣ ತಂಡ ಕರೆದುಕೊಂಡು ಹೋಗಿದ್ದೇನೆ. ವೀಸಾ, ಟೋಪಿ, ಸನ್‌ಸ್ಕ್ರೀನ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದು ನಿಮಗೇ ಗೊತ್ತಿರಬೇಕು.

ಆಗಸ್ಟ್‌ನಲ್ಲಿ ರಜೆ ಇದೆ. ಬೆಳಿಗ್ಗೆ ಬೇಗ ನಡೆದರೆ ಆಗುತ್ತಾ?

ಆಗಲ್ಲ. ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಮಾತ್ರ.

ಗೋಡಾ ಬೆಟ್ಟದಿಂದ ಅಸ್ಸಾಲ್ ಸರೋವರದವರೆಗೆ ನಡೆಯಬೇಕೆಂದಿದ್ದೇವೆ. ಕುಮಾರಪರ್ವತ ನಾಲ್ಕು ಸಲ ಹತ್ತಿದ್ದೇವೆ. ದಿನಕ್ಕೆ ತಲೆಗೆ ನಾಲ್ಕು ಲೀಟರ್ ನೀರು ಸಾಕಲ್ವಾ?

ಈ ಪ್ರಶ್ನೆಯನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಎಲ್ಲರೂ ಲೀಟರ್ ಕೇಳುತ್ತಾರೆ. ಯಾವ ಹೊತ್ತಿಗೆ ಎಲ್ಲಿ ಇರಬೇಕು ಅಂತ ಯಾರೂ ಕೇಳುವುದಿಲ್ಲ.

ಕುಮಾರಪರ್ವತದಲ್ಲಿ ಹತ್ತುವಾಗ ಕಷ್ಟ, ಇಳಿಯುವಾಗ ಸುಖ. ಸುಸ್ತಾದರೆ ಕೆಳಗೆ ಬಂದರಾಯಿತು. ಕೆಳಗೆ ನೀರಿದೆ, ಊರಿದೆ, ಊಟ ಇದೆ. ಜಿಬೂಟಿಯಲ್ಲಿ ಇದು ಪೂರ್ತಿ ಉಲ್ಟಾ. ಗೋಡಾ ಬೆಟ್ಟದ ಮೇಲೆ, ಸುಮಾರು 1,500 ಮೀಟರ್ ಎತ್ತರದಲ್ಲಿ, 'ದೇ' ಅನ್ನುವ ಹೆಸರಿನ ಕಾಡಿದೆ. ಹಳೆಯ ಜೂನಿಪರ್ ಮರಗಳಿವೆ. ಜನವರಿಯ ರಾತ್ರಿ ಅಲ್ಲಿ ಸ್ವೆಟರ್ ಬೇಕು. ಅಸ್ಸಾಲ್ ಸರೋವರ ಇರುವುದು ಸಮುದ್ರಮಟ್ಟಕ್ಕಿಂತ 155 ಮೀಟರ್ ಕೆಳಗೆ. ಇಡೀ ಆಫ್ರಿಕಾದಲ್ಲಿ ಅದಕ್ಕಿಂತ ತಗ್ಗಾದ ಜಾಗ ಇಲ್ಲ. ಸಾವಿರ ಮೀಟರ್ ಇಳಿದರೆ ಸೆಕೆ ಆರೇಳು ಡಿಗ್ರಿ ಏರುತ್ತದೆ. ಅಂದರೆ ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಹತ್ತು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ. ಮೊದಲ ದಿನ ತಂಪಿನಲ್ಲಿ ಹುರುಪಾಗಿ ನಡೆಯುತ್ತೀರಿ. ಕಾಲು ಸೋತ ಕೊನೆಯ ದಿನ ಎಲ್ಲಕ್ಕಿಂತ ಬಿಸಿ ಜಾಗದಲ್ಲಿ ಇರುತ್ತೀರಿ. ಅಲ್ಲಿಂದ ತಂಪು ಬೇಕೆಂದರೆ ಮತ್ತೆ ಹತ್ತಬೇಕು.

ಆದ್ದರಿಂದ ಯೋಜನೆಯನ್ನು ಕೊನೆಯಿಂದ ಮೊದಲಿಗೆ ಮಾಡಿ. ಸರೋವರದ ದಡಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಮುಟ್ಟಬೇಕು, ಅಲ್ಲಿ ಜೀಪು ಕಾಯುತ್ತಿರಬೇಕು. ಇದನ್ನು ಮೊದಲು ಬರೆದುಕೊಳ್ಳಿ. ಹಿಂದಿನ ರಾತ್ರಿ ಎಲ್ಲಿ ಮಲಗಬೇಕು ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. ಹೀಗೆ ಹಿಂದಕ್ಕೆ ಎಣಿಸಿಕೊಂಡು ಹೋಗಿ. ದಿನಾ ನಾಲ್ಕೂವರೆಗೆ ಏಳಿ. ಮರಳಿನ ಹಳ್ಳದ ದಾರಿ ಟಾರ್ಚ್ ಬೆಳಕಲ್ಲಿ ನಡೆಯಬಹುದು. ಲಾವಾ ಕಲ್ಲಿನ ಮೇಲೆ ಮಾತ್ರ ಬೆಳಕು ಹರಿಯದೆ ಕಾಲಿಡಬೇಡಿ. ಹತ್ತೂವರೆಗೆ ನಿಲ್ಲಿಸಿ, ನೆರಳು ಕಟ್ಟಿ, ನಾಲ್ಕರವರೆಗೆ ಅಲ್ಲಾಡಬೇಡಿ. 'ಇನ್ನೊಂದು ಗಂಟೆ ಅಷ್ಟೇ, ಮುಗಿಸಿಬಿಡೋಣ' ಅನ್ನುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಅವರ ಮಾತು ಕೇಳಬೇಡಿ.

ಆ ಲಾವಾ ಬಗ್ಗೆಯೂ ಹೇಳಬೇಕು. ಸರೋವರಕ್ಕೂ ಗುಬೆತ್ ಕೊಲ್ಲಿಗೂ ನಡುವೆ ಅರ್ದೂಕೋಬಾ ಜ್ವಾಲಾಮುಖಿ ಇದೆ. 1978ರ ನವೆಂಬರ್‌ನಲ್ಲಿ ಅದು ಸುಮಾರು ಒಂದು ವಾರ ಲಾವಾ ಉಗುಳಿತು. ನಮ್ಮ ವಿಜಯಪುರದ ಕಡೆಯ ಕರಿಕಲ್ಲೂ ಹೀಗೆಯೇ ಹರಿದು ಬಂದದ್ದು, ಆದರೆ ಅದಕ್ಕೆ ಆರೂವರೆ ಕೋಟಿ ವರ್ಷ ವಯಸ್ಸಾಗಿದೆ. ಸವೆದು ಎರೆಮಣ್ಣಾಗಿ ಜೋಳ ಬೆಳೆಯುತ್ತಿದೆ. ಅರ್ದೂಕೋಬಾದ ಕಲ್ಲು ಇನ್ನೂ ಹಸಿ. ಅಂಚೆಲ್ಲ ಗಾಜಿನ ಚೂರಿನ ಹಾಗೆ. ಕರಿ ಬಣ್ಣ ಬಿಸಿಲನ್ನು ಹೀರಿಕೊಂಡು ಕೆಳಗಿನಿಂದಲೂ ಸುಡುತ್ತದೆ. ಹಳೆಯ ಶೂ ಆದರೆ ಅಂಟು ಬಿಟ್ಟು ಸೋಲ್ ಕಳಚಿ ಬರುತ್ತದೆ. ನನ್ನ ಕಣ್ಣೆದುರೇ ಇಬ್ಬರದು ಕಳಚಿತ್ತು.

ಈಗ ನೀರು. ಚಳಿಗಾಲದಲ್ಲೂ ಕುಡಿಯಲಿಕ್ಕೇ ತಲೆಗೆ ದಿನಕ್ಕೆ ಆರು ಲೀಟರ್ ಇಟ್ಟುಕೊಳ್ಳಿ. ಅಡುಗೆಗೆ ಬೇರೆ. ಒಂದಿಡೀ ದಿನಕ್ಕಾಗುವಷ್ಟನ್ನು ಮುಟ್ಟದೆ ಉಳಿಸಿ. ಬಿಸಿಲಲ್ಲಿ ಜೋರಾಗಿ ನಡೆಯುವವರ ಮೈಯಿಂದ ಗಂಟೆಗೆ ಒಂದು ಲೀಟರ್ ಬೆವರು ಹೋಗುವುದು ಸಾಮಾನ್ಯ. ಒಣ ಗಾಳಿಗೆ ಅದು ತಕ್ಷಣ ಆರುವುದರಿಂದ 'ನಾನು ಬೆವರಲೇ ಇಲ್ಲ' ಅನ್ನಿಸುತ್ತದೆ. ಮೂರು ದಿನದ ನೀರು ಬೆನ್ನ ಮೇಲೆ ಹೊರಲು ಆಗುವುದಿಲ್ಲ. ಒಂಟೆ ಬೇಕು, ಒಂಟೆಯ ಜೊತೆ ಅಫಾರ್ ಜನರ ಗೈಡ್ ಬೇಕು. ಅಸ್ಸಾಲ್‌ನ ಉಪ್ಪನ್ನು ಒಂಟೆ ಮೇಲೆ ಹೇರಿಕೊಂಡು ಇಥಿಯೋಪಿಯಾಕ್ಕೆ ಒಯ್ಯುತ್ತಾ ಬಂದವರು ಅವರು. ಅವರು ನಿಲ್ಲಿ ಅಂದ ಕಡೆ ನಿಲ್ಲಿ.

ಎಲ್ಲ ನೀರನ್ನೂ ಒಂದೇ ಒಂಟೆಯ ಮೇಲೆ ಹೇರಬೇಡಿ. ನನ್ನ ಎರಡನೇ ಪ್ರವಾಸದಲ್ಲಿ ಇಪ್ಪತ್ತು ಲೀಟರಿನ ಕ್ಯಾನ್ ಒಂದು ಕಲ್ಲಿಗೆ ಉಜ್ಜಿ ಸಣ್ಣ ತೂತಾಯಿತು. ಸಂಜೆ ಇಳಿಸಿದಾಗ ಪೂರ್ತಿ ಖಾಲಿ. ಉಳಿದ ಕ್ಯಾನುಗಳು ಇನ್ನೆರಡು ಒಂಟೆಗಳ ಮೇಲಿದ್ದವು, ಅದಕ್ಕೇ ಉಳಿದೆವು. ಇನ್ನೊಂದು ವಿಷಯ. ನೀರು ಕಾದುಹೋದರೆ ಜನ ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಾಟಲಿಗೆ ಒದ್ದೆ ಕಾಲುಚೀಲ ಹಾಕಿ ಗಾಳಿಗೆ ನೇತುಹಾಕಿ. ಮಡಕೆಯ ನೀರಿನ ಹಾಗೆ ತಣ್ಣಗಾಗುತ್ತದೆ.

ಬರೀ ನೀರನ್ನೇ ಸುರಿದುಕೊಳ್ಳುವುದೂ ತಪ್ಪು. ಬೆವರಲ್ಲಿ ಉಪ್ಪೂ ಹೋಗುತ್ತದೆ. ಉಪ್ಪಿಲ್ಲದೆ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು ಬರುತ್ತದೆ. ನೋಡಿದವರು ನೀರು ಸಾಲಲಿಲ್ಲ ಅಂದುಕೊಂಡು ಮತ್ತಷ್ಟು ಕುಡಿಸುತ್ತಾರೆ. ಇದರಿಂದ ಜೀವ ಹೋಗಬಹುದು. ದಿನಕ್ಕೆ ಒಂದೆರಡು ಲೀಟರ್ ಓಆರ್‌ಎಸ್ ಇರಲಿ, ಊಟ ಬಿಡಬೇಡಿ, ಉಪ್ಪಿನಕಾಯಿ ತಿನ್ನಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡೂ ಮಟ್ಟಸವಾಗಿ ಅಳೆದದ್ದು.

ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡರೆ ಬಿಸಿಲು ಬಡಿಯಲ್ಲ ಅಂತಾರೆ, ನಿಜವಾ?

ಸುಳ್ಳು. ಹಾಗೆಯೇ 'ಮೈ ತಂಪು ಮಾಡುವ ಪುಡಿ' ಅಂತ ಚಾರಣಿಗರಿಗೆ ಮಾರುವವರೂ ಸುಳ್ಳು ಹೇಳುತ್ತಿದ್ದಾರೆ. ಅವರನ್ನು ನಂಬಿ ಮಧ್ಯಾಹ್ನ ನಡೆದ ಹುಡುಗನೊಬ್ಬನನ್ನು ನಾನು ಎತ್ತಿಕೊಂಡು ಬಂದಿದ್ದೇನೆ. ಯಾರಾದರೂ ತಡವರಿಸಿ ಮಾತಾಡಿದರೆ, ತೂರಾಡಿದರೆ, ಬಟ್ಟೆ ಸಡಿಲಿಸಿ ನೆರಳಲ್ಲಿ ಮಲಗಿಸಿ, ಮೈಗೆ ನೀರು ಹಾಕಿ ಜೋರಾಗಿ ಬೀಸಿ. ಕುಡಿಯುವ ನೀರು ಕಡಿಮೆಯಾಗುತ್ತದೆ ಅಂತ ಆಗ ಲೆಕ್ಕ ಹಾಕಬೇಡಿ. ಮೊದಲು ತಂಪು ಮಾಡುವುದು, ಆಮೇಲೆ ಸಾಗಿಸುವುದು. ಪ್ಯಾರಾಸಿಟಮಾಲ್ ಕೊಡಬೇಡಿ. ಇದು ಜ್ವರ ಅಲ್ಲ, ಮಾತ್ರೆಗೆ ಇಳಿಯುವುದಿಲ್ಲ.

ನಾವು ಕಲಬುರಗಿಯವರು. 43 ಡಿಗ್ರಿ ನಮಗೆ ಹೊಸದೇನಲ್ಲ.

ನೀವು ಹೊರಡುವುದು ಡಿಸೆಂಬರ್‌ನಲ್ಲಿ. ಮೇ ತಿಂಗಳ ಬಿಸಿಲಿಗೆ ಒಗ್ಗಿದ ಮೈ ಕೆಲವೇ ವಾರಗಳಲ್ಲಿ ಅದನ್ನು ಮರೆತುಬಿಡುತ್ತದೆ. ಮತ್ತೆ ಒಗ್ಗಲು ಒಂದೆರಡು ವಾರ ಬೇಕು.

ಅಲ್ಲಿನವರ ಹಾಗೆ ಖಾಟ್ ಎಲೆ ಅಗಿದರೆ ಶಕ್ತಿ ಬರುತ್ತಾ?

ಹಸಿವು, ದಣಿವು ಗೊತ್ತಾಗದಂತೆ ಮಾಡಿ ಎದೆಬಡಿತ ಏರಿಸುತ್ತದೆ. ಬೇಡ.

ಅಸ್ಸಾಲ್‌ನಲ್ಲಿ ಈಜಬಹುದಾ?

ತೇಲಬಹುದು. ಉಪ್ಪು ಸಮುದ್ರದ ಹತ್ತು ಪಟ್ಟು ಇದೆ. ಮೈ ತೊಳೆಯಲು ಸಿಹಿನೀರು ಇಲ್ಲದಿದ್ದರೆ ಇಳಿಯಬೇಡಿ.

ಅಪ್ಪನಿಗೆ 64, ಬಿಪಿ ಮಾತ್ರೆ ತಗೊಳ್ತಾರೆ. ನಮ್ಮ ಜೊತೆ ಬರಬೇಕೆಂದು ಆಸೆ ಅವರಿಗೆ. ಕರೆದುಕೊಂಡು ಬರಬಹುದಾ?

ಯಾವ ಮಾತ್ರೆ ಅನ್ನುವುದು ಮುಖ್ಯ. ಕೆಲವು ಬಿಪಿ ಮಾತ್ರೆಗಳು ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕಿಸುತ್ತವೆ. ಇನ್ನು ಕೆಲವು ಎದೆಬಡಿತ ಏರದಂತೆ ತಡೆಯುತ್ತವೆ. ಎರಡೂ ಬಿಸಿಲಲ್ಲಿ ಅಪಾಯ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ 'ಪ್ರವಾಸ' ಅನ್ನಬೇಡಿ, 'ಮರುಭೂಮಿಯಲ್ಲಿ ನಡಿಗೆ' ಅಂತ ಬಿಡಿಸಿ ಹೇಳಿ. ಆ ಎರಡು ಮಾತಿಗೆ ಸಿಗುವ ಉತ್ತರ ಬೇರೆ ಬೇರೆ.

ನನ್ನನ್ನು ಕೇಳಿದರೆ ಅಸ್ಸಾಲ್ ನಡಿಗೆ ಅವರಿಗೆ ಬೇಡ. ಜೀಪಿನಲ್ಲಿ ಅಬ್ಬೆ ಸರೋವರಕ್ಕೆ ಕರೆದುಕೊಂಡು ಹೋಗಿ. ಇಥಿಯೋಪಿಯಾ ಗಡಿಯಲ್ಲಿದೆ. ಬಿಸಿನೀರಿನ ಊಟೆಗಳಿಂದ ಬೆಳೆದ ಸುಣ್ಣದ ಗೋಪುರಗಳು ಅಲ್ಲಿವೆ, ಕೆಲವು 50 ಮೀಟರ್ ಎತ್ತರ. ರಾತ್ರಿ ಹತ್ತಿರದ ಶಿಬಿರದಲ್ಲಿ ಮಲಗಿ, ನಸುಕಿನಲ್ಲಿ ಗೋಪುರಗಳ ನಡುವೆ ಒಂದು ಗಂಟೆ ನಿಧಾನವಾಗಿ ನಡೆಯಲಿ. ದಡದ ಕಡೆ ಮಾತ್ರ ಗೈಡ್ ಬಿಟ್ಟು ಹೋಗಬಾರದು, ಮೇಲೆ ಗಟ್ಟಿ ಕಾಣುವ ನೆಲದ ಅಡಿಯಲ್ಲಿ ಕೆಸರಿರುತ್ತದೆ. ಎಂಟು ಗಂಟೆಗೆಲ್ಲ ಅಪ್ಪ ಶಿಬಿರದ ನೆರಳಿಗೆ ಬಂದು ಚಹಾ ಕುಡಿಯುತ್ತಿರಬೇಕು.