ಸಾಂಟಾ ಕ್ಲಾಸ್‌ಗೆ 'ಕ್ರಿಸ್ ಕ್ರಿಂಗಲ್' ಅನ್ನುವ ಹೆಸರು ಹೇಗೆ ಬಂತು?

ಅಮೆರಿಕದಲ್ಲಿ ಸಾಂಟಾನನ್ನು ಕ್ರಿಸ್ ಕ್ರಿಂಗಲ್ ಎಂದೂ ಕರೆಯುತ್ತಾರೆ. ಕೇಳಿದರೆ ಯಾರೋ ಒಬ್ಬ ಮನುಷ್ಯನ ಹೆಸರು ಅನಿಸುತ್ತದೆ, ಅಲ್ವಾ? ಆದರೆ ಇದು ಜರ್ಮನ್ ಭಾಷೆಯ 'ಕ್ರಿಸ್ಟ್‌ಕಿಂಡ್ಲ್' ಎಂಬ ಪದದಿಂದ ಬಂದದ್ದು. 'ಕ್ರಿಸ್ಟ್' ಅಂದರೆ ಕ್ರಿಸ್ತ, 'ಕಿಂಡ್' ಅಂದರೆ ಮಗು. ಕೊನೆಯ 'ಲ್' ಮುದ್ದಿಗೆ ಸೇರಿದ್ದು, ನಾವು ಪುಟ್ಟ, ಪುಟಾಣಿ ಅನ್ನುವ ಹಾಗೆ. ಒಟ್ಟಿನಲ್ಲಿ ಪುಟ್ಟ ಬಾಲಯೇಸು.

ಮೊದಲು ಜರ್ಮನಿಯ ಮಕ್ಕಳಿಗೆ ಡಿಸೆಂಬರ್ 6ರ ಸಂತ ನಿಕೋಲಸ್ ಹಬ್ಬಕ್ಕೆ ಉಡುಗೊರೆ ಸಿಗುತ್ತಿತ್ತು. ಸಾಂಟಾನ ಕಲ್ಪನೆ ಹುಟ್ಟಿದ್ದು ಈ ಸಂತನಿಂದಲೇ. 16ನೇ ಶತಮಾನದಲ್ಲಿ ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ಮತ್ತು ಅವರ ಜೊತೆಗಾರರಿಗೆ ಸಂತರ ಆರಾಧನೆ ಇಷ್ಟವಿರಲಿಲ್ಲ. ಹಾಗಾಗಿ ಉಡುಗೊರೆ ತರುವುದು ಬಾಲಯೇಸು, ಅದೂ ಕ್ರಿಸ್‌ಮಸ್ ಹೊತ್ತಿಗೆ ಎಂಬ ಪದ್ಧತಿ ಬೆಳೆಯಿತು. ಮುಂದೆ ಕ್ಯಾಥೊಲಿಕರೂ ಅದನ್ನು ಒಪ್ಪಿಕೊಂಡರು. ಇವತ್ತಿಗೂ ಆಸ್ಟ್ರಿಯಾದಲ್ಲಿ, ದಕ್ಷಿಣ ಜರ್ಮನಿಯಲ್ಲಿ ಉಡುಗೊರೆ ತರುವುದು ಸಾಂಟಾ ಅಲ್ಲ, ಕ್ರಿಸ್ಟ್‌ಕಿಂಡ್! ನ್ಯೂರೆಂಬರ್ಗ್‌ನ ಕ್ರಿಸ್‌ಮಸ್ ಸಂತೆಯಲ್ಲಿ ಚಿನ್ನದ ಗುಂಗುರು ಕೂದಲಿನ ಹುಡುಗಿಯೊಬ್ಬಳು ಆ ವೇಷ ಹಾಕುತ್ತಾಳೆ.

18ನೇ ಶತಮಾನದಲ್ಲಿ ಸಾವಿರಾರು ಜರ್ಮನ್ನರು ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿ ನೆಲೆಸಿದರು. ಅವರ ಬಾಯಲ್ಲಿದ್ದ ಪದ ಇಂಗ್ಲಿಷ್ ಮಾತಾಡುವ ನೆರೆಯವರ ಕಿವಿಗೆ 'ಕ್ರಿಸ್ ಕ್ರಿಂಗಲ್' ಎಂದು ಕೇಳಿಸಿತು. 1840ರ ದಶಕದ ಹೊತ್ತಿಗೆ ಅದು ಅಚ್ಚಿನಲ್ಲೂ ಬಂತು. ಅರ್ಥ ಗೊತ್ತಿಲ್ಲದ ಕಾರಣ, ನಿಧಾನವಾಗಿ ಅದು ಸಾಂಟಾನ ಇನ್ನೊಂದು ಹೆಸರೇ ಆಗಿಹೋಯಿತು. ನನಗೆ ತುಂಬಾ ಇಷ್ಟವಾಗುವುದು ಇದೇ: ಸಂತ ನಿಕೋಲಸ್‌ನ ಬದಲಿಗೆ ತಂದ ಮಗುವಿನ ಹೆಸರು ಸುತ್ತಿ ಬಳಸಿ ಮತ್ತೆ ಆ ಗಡ್ಡದ ಅಜ್ಜನಿಗೇ ಸೇರಿತು.