ಕಣ್ಣಿಗೆ ಕಟ್ಟಿದ ಹಾಗೆ ನೆನಪಿದೆ ಅಂದಮಾತ್ರಕ್ಕೆ ಅದು ನಿಜವೇ?

ಚಿಕ್ಕಂದಿನ ಒಂದು ಅಪಘಾತ ನಿಮಗೆ ಒಂದು ಥರ, ನಿಮ್ಮ ಅಣ್ಣನಿಗೆ ಇನ್ನೊಂದು ಥರ ನೆನಪಿದೆ. ಯಾರ ಮಿದುಳು ಸರಿಯಾಗಿ ರೆಕಾರ್ಡ್ ಮಾಡಿಕೊಂಡಿದೆ ಅಂತ ಕೇಳಿದ್ದೀರಿ. ಇಂಥದ್ದೇ ಜಗಳದಲ್ಲಿ ನಾನು ಅಕ್ಕನ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದೆ.

ಅಪ್ಪ ತೀರಿಕೊಂಡ ರಾತ್ರಿ ಅಕ್ಕ ಆಸ್ಪತ್ರೆಯಲ್ಲಿ ಇರಲಿಲ್ಲ ಅನ್ನುವುದು ನನ್ನ ನೆನಪು. ಮಂಚದ ಪಕ್ಕದಲ್ಲಿ ಖಾಲಿ ಕುರ್ಚಿ, ಅದರ ಮೇಲೆ ಮಡಚಿಟ್ಟ ಶಾಲು. "ನಾನು ಅಲ್ಲೇ ಇದ್ದೆ ಕಣೋ" ಅಂದವಳನ್ನು ಸುಳ್ಳಿ ಅಂದುಬಿಟ್ಟೆ. ಆಮೇಲೊಂದು ದಿನ ಭಾವ ತಮ್ಮ ಹಳೇ ಫೋನ್ ತೋರಿಸಿದರು. ಆ ರಾತ್ರಿ ನಾನೇ ಅವರಿಗೆ ಮೆಸೇಜ್ ಮಾಡಿದ್ದೆ: "ಅಕ್ಕ ಇಲ್ಲೇ ಇದ್ದಾಳೆ, ಅಪ್ಪನ ಕೈ ಬಿಡ್ತಾ ಇಲ್ಲ."

ಮರೆತದ್ದು ತಪ್ಪಲ್ಲ, ಎಲ್ಲರೂ ಮರೆಯುತ್ತಾರೆ. ಬಂದವರಿಗೆಲ್ಲ ಆ ಖಾಲಿ ಕುರ್ಚಿಯ ಕಥೆ ಹೇಳುತ್ತಾ ಹೋದದ್ದು ತಪ್ಪು. ಘಟನೆ ನಡೆಯುವಾಗ ನೋಡಿದ್ದು, ಕೇಳಿದ್ದು ಎಲ್ಲ ಮಿದುಳಿನ ಬೇರೆ ಬೇರೆ ಕಡೆ ದಾಖಲಾಗುತ್ತದೆ. ಹಿಪೊಕ್ಯಾಂಪಸ್ ಅನ್ನುವ ಭಾಗ ಅವನ್ನೆಲ್ಲ ಒಂದು ದಾರಕ್ಕೆ ಪೋಣಿಸುತ್ತದೆ. ನೆನೆಯುವಾಗ ಒಂದು ಸುಳಿವು ಸಿಕ್ಕರೆ ಸಾಕು, ಉಳಿದದ್ದು ಜೋಡಿಸಿಕೊಳ್ಳುತ್ತದೆ. ಕಾಣೆಯಾದ ಕಡೆ ಊಹೆ ಬಂದು ಕೂರುತ್ತದೆ. ಹೀಗೆ ಜೋಡಿಸಿದ್ದನ್ನು ಪ್ರತಿ ಸಲ ಹೇಳಿದಾಗಲೂ ಅದೇ ಗಟ್ಟಿಯಾಗುತ್ತದೆ. ಸಿಟ್ಟಿನಲ್ಲಿ ಹೇಳಿದರಂತೂ ಇನ್ನೂ ಜಾಸ್ತಿ. ನಾನು ನೆನೆಯುತ್ತಿದ್ದದ್ದು ಆ ರಾತ್ರಿಯನ್ನಲ್ಲ, ಹಿಂದಿನ ಸಲ ಹೇಳಿದ ಕಥೆಯನ್ನು.

1986ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನವೇ ಮನೋವಿಜ್ಞಾನಿಗಳಾದ ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್, ಆ ಸುದ್ದಿ ಹೇಗೆ ತಿಳಿಯಿತು ಅಂತ ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಎರಡು ವರ್ಷ ದಾಟಿದ ಮೇಲೆ ಮತ್ತೆ ಕೇಳಿದಾಗ ಎಷ್ಟೋ ಜನ ಬೇರೆಯೇ ಹೇಳಿದರು, ಅದೂ ಪೂರ್ತಿ ನಂಬಿಕೆಯಿಂದ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ನನಗೂ ಅಷ್ಟೇ. ಮೆಸೇಜ್ ಓದಿದ ಮೇಲೂ ಕುರ್ಚಿ ಖಾಲಿಯಾಗಿಯೇ ಕಾಣುತ್ತದೆ. ಅಕ್ಕನ ಹತ್ತಿರ ಕ್ಷಮೆ ಕೇಳಿದ್ದು ಮೆಸೇಜ್ ನಂಬಿ, ನೆನಪು ನಂಬಿ ಅಲ್ಲ.

ಆದ್ದರಿಂದ ಯಾರ ರೆಕಾರ್ಡಿಂಗ್ ಸರಿ ಅನ್ನುವ ಪ್ರಶ್ನೆಯನ್ನೇ ಬಿಡಿ. ಮಿದುಳು ಹಾಗೆ ರೆಕಾರ್ಡ್ ಮಾಡುವುದೇ ಇಲ್ಲ. ಇಬ್ಬರೂ ಮಾತಾಡಿಕೊಳ್ಳದೆ ಬೇರೆ ಬೇರೆ ಬರೆಯಿರಿ, ಆಮೇಲೆ ಫೋಟೊ, ಆಸ್ಪತ್ರೆ ಚೀಟಿ ಏನಾದರೂ ಇದೆಯಾ ಹುಡುಕಿ. ಏನೂ ಸಿಗದಿದ್ದರೆ ಎರಡನ್ನೂ ಹಾಗೇ ಇಟ್ಟುಕೊಳ್ಳಿ. ಅಣ್ಣ ಸುಳ್ಳು ಹೇಳುತ್ತಿದ್ದಾನೆ ಅಂತ ಮಾತ್ರ ಯಾರ ಹತ್ತಿರವೂ ಹೇಳಬೇಡಿ.